ಮಕ್ಕಳ ಬೊಜ್ಜಿಗೆ ಮೊಬೈಲಿನ ಮದ್ದು: ಒಡೆಯರಾರು?

ಹದಿಹರೆಯದ ಮಕ್ಕಳಲ್ಲಿ ಬೊಜ್ಜು ಬೆಳೆಯುತ್ತಿದೆ, ಅದಕ್ಕೆ ಮದ್ದು ಮೊಬೈಲಿನಲ್ಲಿದೆ ಎಂಬ ಮಾತು ಈಗ ನಾಲ್ಕೂ ದಿಕ್ಕುಗಳಿಂದ ಕೇಳಿಬರುತ್ತಿದೆ. ತಿಂದದ್ದನ್ನು ಲೆಕ್ಕ ಹಾಕುವ ಆ್ಯಪ್, ನಡೆದ ಹೆಜ್ಜೆ ಎಣಿಸುವ ಆ್ಯಪ್, ಮಲಗಿದ ಹೊತ್ತನ್ನು ಅಳೆಯುವ ಆ್ಯಪ್, ಹೀಗೆ ಬಗೆಬಗೆಯವು ಹೊರಡುತ್ತಿವೆ. ಸರಕಾರ ಮಾಡಿಸುತ್ತಿದೆ, ವಿದ್ಯಾಲಯಗಳು ಮಾಡುತ್ತಿವೆ, ಲಾಭದ ಕಂಪೆನಿಗಳಂತೂ ಎಲ್ಲರಿಗಿಂತ ಮುಂದಾಗಿ ಮಾಡುತ್ತಿವೆ. ಯಂತ್ರವೆಂದರೆ ಮುಖ ತಿರುಗಿಸುವವರು ನಾವಲ್ಲ. ಆದರೆ ಯಂತ್ರ ಯಾರ ಕೈಯಲ್ಲಿದೆ, ಯಾರ ಲಾಭಕ್ಕಾಗಿ ತಿರುಗುತ್ತಿದೆ ಎಂದು ಕೇಳುವುದು ಸಮಾಜವಾದಿಗಳ ಹಳೆಯ ಅಭ್ಯಾಸ. ಗಿರಣಿಯ ಯಂತ್ರಕ್ಕೆ ಕೇಳಿದ ಆ ಪ್ರಶ್ನೆಯನ್ನೇ ಅಂಗೈಯಲ್ಲಿ ಹಿಡಿಯುವ ಈ ಯಂತ್ರಕ್ಕೂ ಕೇಳಬೇಕಾದ ಹೊತ್ತು ಬಂದಿದೆ.

ಬೊಜ್ಜು ಬಂಗಲೆಯವರ ರೋಗ, ಅದಕ್ಕೂ ನಮಗೂ ಏನು ಸಂಬಂಧ ಎಂದು ಬೆಳುವಾಯಿಯ ಕಾರ್ಮಿಕ ಬಂಧುವೊಬ್ಬರು ಕೇಳಬಹುದು. ಒಂದು ಕಾಲಕ್ಕೆ ಆ ಮಾತು ನಿಜವಾಗಿತ್ತು. ಈಗ ಹಾಗಿಲ್ಲ. ೨೦೨೨ರಲ್ಲಿ ನಮ್ಮ ದೇಶದಲ್ಲಿ ೫ರಿಂದ ೧೯ ವರ್ಷದೊಳಗಿನ ಸುಮಾರು ಒಂದೂಕಾಲು ಕೋಟಿ ಮಕ್ಕಳು ಬೊಜ್ಜಿನವರಾಗಿದ್ದರು ಎಂದು ೨೦೨೪ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನ ಹೇಳಿತು. ೨೦೨೫ರ ಸೆಪ್ಟೆಂಬರಿನಲ್ಲಿ ಯುನಿಸೆಫ್ ಸಂಸ್ಥೆ ಇನ್ನೊಂದು ಸಂಗತಿಯನ್ನು ಸಾರಿತು. ಪ್ರಪಂಚದ ಶಾಲಾ ವಯಸ್ಸಿನ ಮಕ್ಕಳಲ್ಲಿ ತೂಕ ಕಡಿಮೆಯಾದವರಿಗಿಂತ ಬೊಜ್ಜಿನವರ ಸಂಖ್ಯೆ ಮೊತ್ತಮೊದಲ ಬಾರಿಗೆ ಹೆಚ್ಚಾಗಿದೆ. ಕರ್ನಾಟಕದ ದೊಡ್ಡವರನ್ನು ನೋಡಿದರೆ, ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಂತೆ ಹತ್ತರಲ್ಲಿ ಸುಮಾರು ಮೂವರ ತೂಕ ಮಿತಿ ಮೀರಿದೆ. ಇಂದಿನ ಮಕ್ಕಳೇ ನಾಳೆಯ ದೊಡ್ಡವರು. ಅವರೊಡನೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೂ ದೊಡ್ಡವಾಗುತ್ತವೆ. ಆ ಕಾಯಿಲೆಗಳ ಖರ್ಚು ಬಂಗಲೆಯವರ ಆಸ್ತಿಯನ್ನು ಕರಗಿಸುವುದಿಲ್ಲ. ಕೂಲಿಯವರ ಮನೆಯನ್ನು ಕರಗಿಸುತ್ತದೆ.

ಇದರ ಜತೆಗೆ ಇನ್ನೊಂದು ಲೆಕ್ಕವನ್ನೂ ಮರೆಯತಕ್ಕದ್ದಲ್ಲ. ೨೦೧೬-೧೮ರಲ್ಲಿ ಕೇಂದ್ರ ಸರಕಾರವೇ ನಡೆಸಿದ ಸಮಗ್ರ ಪೋಷಣಾ ಸಮೀಕ್ಷೆಯಂತೆ ಹದಿಹರೆಯದವರಲ್ಲಿ ಶೇಕಡಾ ೫ ಮಂದಿಗೆ ತೂಕ ಹೆಚ್ಚು, ಶೇಕಡಾ ೨೪ ಮಂದಿಗೆ ತೂಕ ಕಡಿಮೆ. ಅಂದರೆ ಒಂದೇ ತರಗತಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಒಂದು ಮಗು ಬಡಕಲಾಗಿದೆ, ಇನ್ನೊಂದು ಮಗು ಊದಿಕೊಂಡಿದೆ. ಮೇಲ್ನೋಟಕ್ಕೆ ವಿರುದ್ಧವೆನಿಸುವ ಈ ಎರಡೂ ಒಂದೇ ಬೇರಿನಿಂದ ಹುಟ್ಟುತ್ತವೆ. ಹೊಟ್ಟೆ ತುಂಬಿಸುವ ಆದರೆ ಮೈಗೆ ಹತ್ತದ ಅಗ್ಗದ ತಿನಿಸು ಎಲ್ಲೆಲ್ಲೂ ಸಿಗುತ್ತದೆ. ಮೈಗೆ ಹತ್ತುವ ಕಾಳು, ತರಕಾರಿ, ಹಣ್ಣು, ಮೊಟ್ಟೆ, ಮೀನುಗಳು ದಿನದಿಂದ ದಿನಕ್ಕೆ ಕೈಗೆಟಕದಂತಾಗುತ್ತಿವೆ. ಈ ಮೂಲವನ್ನು ಕಾಣದ ಆ್ಯಪ್ ಕಣ್ಣಿಲ್ಲದ ಆ್ಯಪ್.

ನಮ್ಮ ಕಡೆಯ ಒಂದು ದುಡಿಯುವ ಕುಟುಂಬದ ದಿನಚರಿಯನ್ನು ನೋಡೋಣ. ಕಾರ್ಕಳ-ಮೂಡುಬಿದಿರೆ ಸೀಮೆಯಲ್ಲಿ ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಿ ಬೆಳಗ್ಗೆ ಬೇಗ ಮನೆ ಬಿಟ್ಟರೆ ಮರಳುವುದು ಸಂಜೆ. ತಂದೆ ಗಿರಣಿಗೋ ಲಾರಿಗೋ ಅಂಗಡಿಗೋ ಹೋಗಿರುತ್ತಾರೆ. ಶಾಲೆಯಿಂದ ಬಂದ ಮಗುವಿಗೆ ಕಾಯುವುದು ಬೀಗ ಹಾಕಿದ ಬಾಗಿಲು, ಇಲ್ಲವೆ ಬೀಡಿ ಕಟ್ಟುತ್ತ ಕುಳಿತ ಅಜ್ಜಿ. ಕೈಯಲ್ಲಿ ಹತ್ತು ರೂಪಾಯಿ ಇದೆ. ಹತ್ತು ರೂಪಾಯಿಗೆ ಒಂದು ಪ್ಯಾಕೆಟು ಕುರುಕಲು ಸಿಗುತ್ತದೆ, ಒಂದು ಸೇಬು ಸಿಗುವುದಿಲ್ಲ. ಆಡೋಣವೆಂದರೆ ಜೂನಿನಿಂದ ಸೆಪ್ಟೆಂಬರಿನ ತನಕ ಮಳೆ. ಮಳೆ ಬಿಟ್ಟ ಮೇಲೆ ಟ್ಯೂಷನ್ನು. ಬಯಲುಗಳೋ ಸೈಟುಗಳಾಗಿವೆ. ಹಿಂದೆ ಗುಡ್ಡ ಹತ್ತಿಳಿದು, ಹಳ್ಳ ದಾಟಿ ಶಾಲೆಗೆ ನಡೆದ ದಾರಿಯಲ್ಲಿ ಇಂದು ಹೆದ್ದಾರಿಯ ವಾಹನಗಳು ಸಿಡಿಲಿನಂತೆ ಓಡುತ್ತವೆ. ಮಗುವನ್ನು ನಡೆಯಲು ಬಿಡುವುದಕ್ಕೆ ಹೆದರಿದ ತಾಯಿ ಅದನ್ನು ವ್ಯಾನಿಗೆ ಹತ್ತಿಸುತ್ತಾಳೆ. ಇದರಲ್ಲಿ ಯಾರ ಸೋಮಾರಿತನವಿದೆ? ಯಾರ ಬಾಯಿ ಚಪಲವಿದೆ?

ಇಂಥ ಮಗುವಿನ ಕೈಗೆ ಆ್ಯಪ್ ಕೊಟ್ಟು, “ನೀನು ಇಂದು ಕಡಿಮೆ ನಡೆದಿದ್ದೀ, ಹೆಚ್ಚು ತಿಂದಿದ್ದೀ” ಎಂದು ಗದರಿಸಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತಾಯಿತು. ಆದುದರಿಂದ ಮೊದಲು ಆ ಹತ್ತು ರೂಪಾಯಿಯ ಪ್ಯಾಕೆಟಿನ ಹಿಂದೆ ಹೋಗಬೇಕು.

ಸಿಹಿ ಪಾನೀಯದ ೩೦೦ ಮಿಲಿಲೀಟರಿನ ಒಂದು ಬಾಟ್ಲಿಯಲ್ಲಿ ಸುಮಾರು ೩೦ ಗ್ರಾಂ ಸಕ್ಕರೆ ಇರುತ್ತದೆ. ಚಮಚದ ಲೆಕ್ಕದಲ್ಲಿ ಹೇಳುವುದಾದರೆ ಆರೇಳು ಚಮಚ. ಒಬ್ಬ ಮನುಷ್ಯನಿಗೆ ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ ೨೫ ಗ್ರಾಮಿನೊಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲೇ ಹೇಳಿದೆ. ಒಂದೇ ಬಾಟ್ಲಿಯಲ್ಲಿ ದಿನದ ಪಾಲು ಮುಗಿದು ಹೆಚ್ಚಾಯಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಕೇಂದ್ರ ಸರಕಾರ ಜಿ.ಎಸ್.ಟಿ. ದರಗಳನ್ನು ಬದಲಾಯಿಸಿತು. ಗ್ಯಾಸು ತುಂಬಿದ ಸಿಹಿ ಪಾನೀಯಗಳಿಗೆ ಶೇಕಡಾ ೪೦ ಹಾಕಿದ್ದು ಸರಿಯೇ. ಆದರೆ ಅದೇ ದಿನ ಪ್ಯಾಕೆಟಿನ ಖಾರ ಕುರುಕಲು, ದಿಢೀರ್ ನೂಡಲ್ಸು, ಚಾಕೊಲೇಟು, ಬಿಸ್ಕತ್ತುಗಳ ತೆರಿಗೆ ಶೇಕಡಾ ೫ಕ್ಕೆ ಇಳಿಯಿತು. ಸಣ್ಣ ವ್ಯಾಪಾರಿಗೆ ಇದರಿಂದ ತುಸು ಉಸಿರಾಡುವಂತಾಗಿದ್ದರೆ ನಮಗೆ ಸಂತೋಷವೇ. ಆದರೆ ಒಂದು ಕೈಯಲ್ಲಿ ಪ್ಯಾಕೆಟಿನ ತೆರಿಗೆ ಇಳಿಸಿ ಇನ್ನೊಂದು ಕೈಯಲ್ಲಿ ಮಗುವಿಗೆ ಆರೋಗ್ಯದ ಆ್ಯಪ್ ಕೊಡುವುದು ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಕೆಲಸವಲ್ಲದೆ ಬೇರೇನು?

ಇಲ್ಲಿ ನಮ್ಮ ವ್ಯಾಪಾರಿ ಬಂಧುಗಳಿಗೆ ಒಂದು ಮಾತು ಹೇಳಬೇಕಾಗಿದೆ. ಆಹಾರ ಸುರಕ್ಷತೆಯ ಪ್ರಾಧಿಕಾರ ೨೦೨೦ರಲ್ಲಿ ಒಂದು ನಿಯಮ ಮಾಡಿದೆ. ಕೊಬ್ಬು, ಉಪ್ಪು, ಸಕ್ಕರೆ ಮಿತಿ ಮೀರಿದ ತಿನಿಸುಗಳನ್ನು ಶಾಲೆಯ ಒಳಗಾಗಲಿ ಶಾಲೆಯ ಗೇಟಿನಿಂದ ೫೦ ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರಕೂಡದು. ನಿಯಮದ ಉದ್ದೇಶ ಒಳ್ಳೆಯದು, ನಾವು ಅದನ್ನು ವಿರೋಧಿಸುವುದಿಲ್ಲ. ಆದರೆ ಅದರ ಭಾರ ಯಾರ ಹೆಗಲಿಗೆ ಬೀಳುತ್ತದೆ ನೋಡಿ. ಶಾಲೆಯ ಎದುರಿನ ಗೂಡಂಗಡಿಯವನು ೫೦ ಮೀಟರಿನೊಳಗಿದ್ದಾನೆ, ಆದುದರಿಂದ ಅಪರಾಧಿ. ಪ್ಯಾಕೆಟು ಮಾಡಿದ ಕಂಪೆನಿ ನೂರಾರು ಮೈಲು ದೂರದಲ್ಲಿದೆ, ಆದುದರಿಂದ ನಿರಪರಾಧಿ! ಅದೇ ಕಂಪೆನಿಯ ಜಾಹೀರಾತು ಮಗುವಿನ ಅಂಗೈಯಲ್ಲಿರುವ ಮೊಬೈಲಿನಲ್ಲಿ, ಕಣ್ಣಿನಿಂದ ಒಂದು ಗೇಣು ದೂರದಲ್ಲಿ, ಹಗಲಿರುಳೂ ಕುಣಿಯುತ್ತಿದೆ. ಗೂಡಂಗಡಿಯವನಿಗೆ ೫೦ ಮೀಟರ್ ಕಾನೂನು, ಕಂಪೆನಿಯ ಜಾಹೀರಾತಿಗೆ ಒಂದು ಗೇಣೂ ಇಲ್ಲ. ಇದು ಯಾವ ನ್ಯಾಯ?

ಬೊಜ್ಜು ತಡೆಯುವ ಆ್ಯಪೂ ಜಾಹೀರಾತು ಕುಣಿಯುವ ಆ ಮೊಬೈಲಿನಲ್ಲೇ ಕುಳಿತು ಕೆಲಸ ಮಾಡಬೇಕು ಎಂಬುದನ್ನು ಅದನ್ನು ರಚಿಸುವವರು ಮರೆಯಬಾರದು. ಮಗುವನ್ನು ಕುಳಿತಲ್ಲೇ ಕೂರಿಸಿ ಗಂಟೆಗಟ್ಟಲೆ ಪರದೆ ಉಜ್ಜಿಸುವುದೇ ಆ ಪೆಟ್ಟಿಗೆಯೊಳಗಿನ ಉಳಿದ ಆ್ಯಪುಗಳ ವ್ಯಾಪಾರ. ಆ ಸಂತೆಯ ನಡುವೆ ಕುಳಿತು ಎದ್ದು ಓಡು ಎಂದು ಹೇಳುವ ಪುಟ್ಟ ಆ್ಯಪಿನ ದನಿ ಎಷ್ಟು ದಿನ ಕೇಳಿಸೀತು?

ಕೇಳಿಸುವುದೇ ಇಲ್ಲವೆಂದು ನಾವು ಹೇಳುವುದಿಲ್ಲ. ಯಾವ ತಿನಿಸಿನಲ್ಲಿ ಏನಿದೆ ಎಂದು ತಿಳಿಸುವುದು, ನೀರು ಕುಡಿಯಲು, ಎದ್ದು ಓಡಾಡಲು, ಹೊತ್ತಿಗೆ ಮಲಗಲು ನೆನಪಿಸುವುದು, ಯಾರ ಮುಂದೆಯೂ ಕೇಳಲು ನಾಚುವ ಹದಿಹರೆಯದ ಪ್ರಶ್ನೆಗೆ ಗುಟ್ಟಾಗಿ ಉತ್ತರ ಕೊಡುವುದು, ಇವೆಲ್ಲ ಒಳ್ಳೆಯ ಕೆಲಸಗಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಭಾರತದ ಆಹಾರಗಳ ಲೆಕ್ಕವುಳ್ಳ ನ್ಯೂಟ್ರಿಫೈ ಇಂಡಿಯಾ ನೌ ಎಂಬ ಆ್ಯಪನ್ನು ಮಾಡಿತು. ಕೇಂದ್ರದ ಕ್ರೀಡಾ ಇಲಾಖೆ ೨೦೨೧ರ ಆಗಸ್ಟ್ ೨೯ರಂದು ಫಿಟ್ ಇಂಡಿಯಾ ಆ್ಯಪನ್ನು ಹೊರತಂದಿತು. ಸಾರ್ವಜನಿಕ ಹಣದಿಂದ ಸಾರ್ವಜನಿಕರಿಗಾಗಿ ಇಂಥದನ್ನು ಮಾಡಲು ಸಾಧ್ಯ ಎಂಬುದಕ್ಕೆ ಇವು ಸಾಕ್ಷಿ. ಲಾಭದವರ ಕೈಗೇ ಒಪ್ಪಿಸಬೇಕಾದ ಕೆಲಸ ಇದಲ್ಲ.

ಆದರೆ ಆ್ಯಪಿನ ಬಲಕ್ಕೂ ಒಂದು ಮಿತಿಯಿದೆ. ೨೦೧೬ರಲ್ಲಿ ಪೋಕೆಮಾನ್ ಗೋ ಎಂಬ ಆಟದ ಆ್ಯಪ್ ಪ್ರಪಂಚವನ್ನೇ ಬೀದಿಗಿಳಿಸಿತ್ತು. ಅಮೆರಿಕದಲ್ಲಿ ಆಡಿದ ಯುವಕ ಯುವತಿಯರ ಹೆಜ್ಜೆಗಳನ್ನು ಸಂಶೋಧಕರು ಎಣಿಸಿದರು. ಮೊದಲ ವಾರ ದಿನಕ್ಕೆ ಸರಾಸರಿ ೯೫೫ ಹೆಜ್ಜೆ ಹೆಚ್ಚಾಗಿತ್ತು. ಆರನೆಯ ವಾರಕ್ಕೆ ಆ ಹೆಚ್ಚಳ ಮಾಯವಾಗಿ ಎಲ್ಲರೂ ಮೊದಲಿನ ಸ್ಥಿತಿಗೇ ಬಂದಿದ್ದರು. ಕೋಟಿಗಟ್ಟಲೆ ಹಣ ಸುರಿದ ಆಟದ ಗತಿಯೇ ಹೀಗಾದರೆ, ಉಪದೇಶ ಮಾಡುವ ಆ್ಯಪಿನ ಗತಿ ಏನು? ದಿನಕ್ಕೆ ೧೦,೦೦೦ ಹೆಜ್ಜೆ ಎಂದು ಎಲ್ಲ ಆ್ಯಪುಗಳೂ ಜಪಿಸುತ್ತವಲ್ಲ, ಆ ಸಂಖ್ಯೆಯ ಮೂಲವೇನು ಬಲ್ಲಿರಾ? ೧೯೬೫ರಲ್ಲಿ ಜಪಾನಿನ ಒಂದು ಕಂಪೆನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕಿಳಿಸಿ ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಹೆಸರಿಟ್ಟಿತು. ಮಾರುವವನ ಹೆಸರು ಮುಂದೆ ಮಂತ್ರವಾಯಿತು. ನಡೆಯುವುದು ಒಳ್ಳೆಯದಲ್ಲವೆಂದು ಇದರರ್ಥವಲ್ಲ. ಆದರೆ ದಿನವಿಡೀ ನಿಂತು ದುಡಿದು ಬಂದ ಮನೆಯವರ ಎದುರು ಈ ಮಂತ್ರ ಓದುವ ಮುನ್ನ ಅದರ ಮೂಲ ತಿಳಿದಿರಬೇಕು.

ಮಕ್ಕಳ ಬೊಜ್ಜಿನ ಆ್ಯಪನ್ನು ಲಾಭದ ಕಂಪೆನಿಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆಯೇ ಸಾಕು. ತೂಕ ಇಳಿಸುವ ವ್ಯಾಪಾರದಲ್ಲಿ ಹೆಸರಾದ ವೇಟ್ ವಾಚರ್ಸ್ ಕಂಪೆನಿ ೮ರಿಂದ ೧೭ ವರ್ಷದ ಮಕ್ಕಳಿಗೆಂದು ಕುರ್ಬೊ ಎಂಬ ಆ್ಯಪನ್ನು ೨೦೧೯ರಲ್ಲಿ ಬಿಡುಗಡೆ ಮಾಡಿತು. ತಿನಿಸುಗಳನ್ನು ಅದು ರಸ್ತೆಯ ದೀಪದಂತೆ ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತಿತ್ತು. ಎಂಟು ವರ್ಷದ ಮಗುವಿಗೆ ತನ್ನ ಮೈಯ ಬಗ್ಗೆ ನಾಚಿಕೆ ಕಲಿಸಬೇಡಿ ಎಂದು ಅನೇಕ ವೈದ್ಯರೂ ತಾಯಂದಿರೂ ಆಗಲೇ ಕೂಗಿಕೊಂಡರು. ೨೦೨೨ರ ಮಾರ್ಚಿನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇನ್ನೊಂದು ಆರೋಪ ಹೊರಿಸಿತು. ೧೩ ವರ್ಷಕ್ಕಿಂತ ಕಿರಿಯ ಮಕ್ಕಳ ವಿವರಗಳನ್ನು ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಕಲೆಹಾಕಲಾಗಿದೆ ಎಂಬುದೇ ಆ ಆರೋಪ. ಕಂಪೆನಿ ೧೫ ಲಕ್ಷ ಡಾಲರ್ ದಂಡ ತೆರಲು ಒಪ್ಪಬೇಕಾಯಿತು. ಹಾಗೆ ಕಲೆಹಾಕಿದ ವಿವರಗಳನ್ನಷ್ಟೇ ಅಲ್ಲ, ಅವುಗಳಿಂದ ಕಟ್ಟಿದ ಲೆಕ್ಕಸೂತ್ರಗಳನ್ನೂ ಅಳಿಸಬೇಕಾಯಿತು. ಮಗುವಿನ ತುತ್ತು, ತೂಕ, ನಿದ್ದೆ ಇವೆಲ್ಲ ಮಾರುಕಟ್ಟೆಯ ಸರಕಾಗಬಲ್ಲವು ಎಂಬ ಪಾಠ ಇದರಲ್ಲಿದೆ.

ನಮ್ಮಲ್ಲಿಯೂ ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನು ಆಗಿದೆ. ೧೮ ವರ್ಷ ತುಂಬದವರೆಲ್ಲ ಅದರ ಪ್ರಕಾರ ಮಕ್ಕಳು. ಮಕ್ಕಳ ವಿವರ ಪಡೆಯಲು ತಂದೆತಾಯಿಯ ಒಪ್ಪಿಗೆ ಬೇಕು. ಮಕ್ಕಳನ್ನು ಬೆನ್ನಟ್ಟಿ ನಡವಳಿಕೆ ಗಮನಿಸುವುದಕ್ಕೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದಕ್ಕೂ ಆ ಕಾನೂನಿನ ನಿಷೇಧವಿದೆ. ತಪ್ಪಿದರೆ ೨೦೦ ಕೋಟಿ ರೂಪಾಯಿಯವರೆಗೆ ದಂಡ. ಓದಲು ಬಲು ಚಂದ! ಆದರೆ ಇದರ ನಿಯಮಾವಳಿ ಹೊರಬಿದ್ದದ್ದು ೨೦೨೫ರ ನವೆಂಬರಿನಲ್ಲಿ. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಕಂಪೆನಿಗಳಿಗೆ ಅಲ್ಲಿಂದ ಮುಂದೆ ೧೮ ತಿಂಗಳ ವಾಯಿದೆ. ಆಸ್ಪತ್ರೆ, ಶಾಲೆಗಳಿಗೆ ಕೆಲವು ವಿನಾಯಿತಿಗಳೂ ಇವೆ. ಆ ವಿನಾಯಿತಿಯ ಕಂಡಿಯಿಂದ ವ್ಯಾಪಾರದ ಆ್ಯಪುಗಳು ಶಾಲೆಯೊಳಗೆ ನುಸುಳದಂತೆ ಕಾಯುವುದು ನಮ್ಮ ಕೆಲಸ. ಇನ್ನು ಒಪ್ಪಿಗೆ ಎಂಬ ಮಾತು. ಇಂಗ್ಲಿಷಿನಲ್ಲಿ ಹತ್ತಾರು ಪುಟದ ಷರತ್ತು ತೋರಿಸಿ, ದುಡಿದು ದಣಿದು ಬಂದ ತಾಯಿಯ ಬೆರಳಿನಿಂದ ಒಂದು ಗುಂಡಿ ಒತ್ತಿಸಿದರೆ ಅದು ಒಪ್ಪಿಗೆಯಲ್ಲ. ಓದಲು ಬಾರದವನಿಂದ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಹಳೆಯ ಸಾಹುಕಾರನ ಪದ್ಧತಿ ಅದು.

ಹಾಗಾದರೆ ನಮ್ಮ ಮಕ್ಕಳಿಗೆ ಎಂಥ ಆ್ಯಪ್ ಬೇಕು? ಬರಿಯ ಟೀಕೆಯಿಂದ ಹೊಟ್ಟೆ ತುಂಬದು. ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ.

ಮೊದಲನೆಯದಾಗಿ, ಅದು ಮಕ್ಕಳೊಡನೆ ಕುಳಿತು ಮಾಡಿದ್ದಾಗಿರಬೇಕು. ಬೆಂಗಳೂರಿನ ತಂಪು ಕೋಣೆಯಲ್ಲಿ ಮಾಡಿ ಮುಗಿಸಿ ಬೆಳುವಾಯಿಗೆ ಕಳಿಸುವುದಲ್ಲ. ಬೆಳುವಾಯಿಯ ಎಂಟನೆಯ ತರಗತಿಯ ಹುಡುಗಿಗೆ ಸಂಜೆ ನಾಲ್ಕರಿಂದ ಆರರವರೆಗೆ ಏನು ಸಾಧ್ಯ, ಏನು ಅಸಾಧ್ಯ ಎಂದು ಅವಳನ್ನೇ ಕೇಳಿ ಆ ಮೇಲೆ ಲೇಖಣಿ ಹಿಡಿಯಬೇಕು.

ಎರಡನೆಯದಾಗಿ, ಅದಕ್ಕೆ ನಮ್ಮ ಭಾಷೆಯೂ ನಮ್ಮ ಊಟವೂ ಗೊತ್ತಿರಬೇಕು. ಕನ್ನಡದಲ್ಲಿ ಬರೆದಿರಬೇಕು, ತುಳುವಿನಲ್ಲಿ ಮಾತಾಡಬೇಕು. ಕುಚ್ಚಲಕ್ಕಿ ಗಂಜಿ, ಪುಂಡಿ, ಪತ್ರೊಡೆ, ಬಸಳೆ ಪದಾರ್ಥ, ಹುರುಳಿ ಸಾರು, ಬೂತಾಯಿ ಮೀನು ಇವು ಯಾವ ಲೆಕ್ಕಕ್ಕೂ ಸೇರದೆ ‘ಅನ್ನ, ಒಂದು ಬಟ್ಟಲು’ ಎಂದಷ್ಟೇ ಬರೆದುಕೊಳ್ಳುವ ಆ್ಯಪಿನಿಂದ ನಮಗೆ ಪ್ರಯೋಜನವಿಲ್ಲ. ನಮ್ಮ ಹಿರಿಯರು ತಿಂದ ಎಷ್ಟೋ ಅಡುಗೆಗಳು ಬಡತನದ ಗುರುತಲ್ಲ, ಮೈಗೆ ಒಳ್ಳೆಯವು ಎಂದು ಮಗುವಿಗೆ ಹೇಳಿಕೊಟ್ಟರೆ ಅದೊಂದೇ ದೊಡ್ಡ ಉಪಕಾರ.

ಮೂರನೆಯದಾಗಿ, ನಮ್ಮ ಮನೆಗಳ ಸ್ಥಿತಿ ಅದಕ್ಕೆ ತಿಳಿದಿರಬೇಕು. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಮೊಬೈಲು. ಅದು ತಂದೆಯ ಕಿಸೆಯಲ್ಲಿರುತ್ತದೆ, ರಾತ್ರಿ ಮಾತ್ರ ಮಗುವಿಗೆ ಸಿಗುತ್ತದೆ. ಹಳೆಯ ಮೊಬೈಲಿನಲ್ಲೂ, ಇಂಟರ್ನೆಟ್ಟು ಇಲ್ಲದಾಗಲೂ ಅದು ನಡೆಯಬೇಕು. ಜಡಿಮಳೆಯ ಜುಲೈಯಲ್ಲಿ ಹೊರಗೆ ಓಡು ಎನ್ನದೆ, ಚಾವಡಿಯೊಳಗೆ ಆಡುವ ಆಟವನ್ನು, ಕುಣಿತವನ್ನು ಹೇಳಿಕೊಡಬೇಕು. ಯಕ್ಷಗಾನದ ಹೆಜ್ಜೆ ಕಲಿಯುವ ಹುಡುಗನಿಗೆ ಬೇರೆ ಕಸರತ್ತು ಏತಕ್ಕೆ?

ನಾಲ್ಕನೆಯದಾಗಿ, ತೂಕದ ಪಂದ್ಯ ಇರಕೂಡದು. ಯಾರು ಎಷ್ಟು ಇಳಿಸಿದರು ಎಂಬ ಪಟ್ಟಿ ಬೇಡ. ಮಕ್ಕಳು ಬೆಳೆಯುವ ವಯಸ್ಸಿನಲ್ಲಿದ್ದಾರೆ. ಬಡಕಲು ಹುಡುಗಿಯೊಬ್ಬಳು ಈ ಆ್ಯಪ್ ನೋಡಿ ಊಟ ಬಿಟ್ಟರೆ ಅದರ ಪಾಪ ಯಾರಿಗೆ? ಮೇಲೆ ಹೇಳಿದ ಶೇಕಡಾ ೨೪ರ ಲೆಕ್ಕವನ್ನು ಇಲ್ಲಿ ನೆನೆಯಬೇಕು. ಆ್ಯಪ್ ಅಭ್ಯಾಸಗಳನ್ನು ತಿದ್ದಲಿ. ಶರೀರವನ್ನು ಹಂಗಿಸುವುದು ಬೇಡ. ತೂಕದ ವಿಚಾರ ಬಂದಾಗ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ, ಹದಿಹರೆಯದವರಿಗೆಂದೇ ಸರಕಾರ ತೆರೆದ ಸ್ನೇಹ ಕ್ಲಿನಿಕ್ಕಿಗೆ ಕಳಿಸಲಿ.

ಐದನೆಯದಾಗಿ, ಅದು ಸಾರ್ವಜನಿಕ ಸೊತ್ತಾಗಿರಬೇಕು. ಜಾಹೀರಾತು ಇರಬಾರದು, ಹಣ ಕೇಳಬಾರದು. ಮಗುವಿನ ವಿವರ ಆ ಮೊಬೈಲು ಬಿಟ್ಟು ಹೊರಗೆ ಹೋಗಬಾರದು. ತಿನಿಸಿನ ಕಂಪೆನಿ, ಔಷಧಿಯ ಕಂಪೆನಿ, ವಿಮೆಯ ಕಂಪೆನಿ ಯಾವುದರ ಕಾಸೂ ಅದರಲ್ಲಿ ಸೇರಬಾರದು. ಅದರ ಒಳಗಿನ ಬರವಣಿಗೆ ತೆರೆದ ಪುಸ್ತಕದಂತಿದ್ದು ಬಲ್ಲವರು ಯಾರು ಬೇಕಾದರೂ ಪರೀಕ್ಷಿಸುವಂತಿರಬೇಕು.

ಆರನೆಯದಾಗಿ, ಇದರ ಹೊರೆಯನ್ನು ಆಶಾ, ಅಂಗನವಾಡಿ ಕಾರ್ಯಕರ್ತೆಯರ ಮೇಲೆ ಹೊರಿಸಕೂಡದು. ೨೦೨೧ರಲ್ಲಿ ಬಂದ ಪೋಷಣ್ ಟ್ರ್ಯಾಕರಿನಲ್ಲಿ ಅಂಗನವಾಡಿಯ ಲೆಕ್ಕವೆಲ್ಲ ಮೊಬೈಲಿಗೆ ಏರಿತು. ೨೦೨೫ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲಿರುಳು ಕುಳಿತು ಮುಷ್ಕರ ಹೂಡಿದರು. ಮಾಡಿದ ಕೆಲಸ ಗಣಕದ ಪುಟದಲ್ಲಿ ಸರಿಯಾಗಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತಿದೆ ಎಂಬುದು ಅವರ ದೂರುಗಳಲ್ಲಿ ಒಂದಾಗಿತ್ತು. ಯಂತ್ರ ಮನುಷ್ಯನ ಹೊರೆ ಇಳಿಸಬೇಕೇ ಹೊರತು ಕೂಲಿ ಕಡಿಯುವ ಮೇಸ್ತ್ರಿಯಾಗಬಾರದು. ಹೊಸ ಆ್ಯಪಿಗೆ ಕೆಲಸಗಾರರು ಬೇಕಾದರೆ ಸಂಬಳ ಕೊಟ್ಟು ನೇಮಿಸಲಿ.

ಏಳನೆಯದೇ ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಈಗಿನ ಆ್ಯಪುಗಳೆಲ್ಲ ಮಗುವನ್ನು ಅಳೆಯುತ್ತವೆ. ಮಗುವನ್ನು ಸುತ್ತುವರಿದಿರುವುದನ್ನು ಅಳೆಯುವ ಆ್ಯಪ್ ನಮಗೆ ಬೇಕು. ಪ್ಯಾಕೆಟನ್ನು ಮೊಬೈಲಿನ ಕಣ್ಣಿಗೆ ಹಿಡಿದರೆ ಅದರಲ್ಲಿ ಎಷ್ಟು ಚಮಚ ಸಕ್ಕರೆ, ಎಷ್ಟು ಉಪ್ಪು, ಎಷ್ಟು ಎಣ್ಣೆ ಎಂದು ಕನ್ನಡದಲ್ಲಿ ಹೇಳಲಿ. ಒಂದು ದಿನದಲ್ಲಿ ಎಷ್ಟು ತಿಂಡಿ ಜಾಹೀರಾತು ಕಣ್ಣಿಗೆ ಬಿತ್ತು ಎಂದು ಮಕ್ಕಳೇ ಎಣಿಸಿ ಬರೆಯಲಿ. ಶಾಲೆಗೆ ಆಟದ ಬಯಲು ಇದೆಯೋ, ವ್ಯಾಯಾಮ ಶಿಕ್ಷಕರಿದ್ದಾರೋ, ರಸ್ತೆ ಬದಿಯಲ್ಲಿ ನಡೆಯಲು ದಾರಿ ಇದೆಯೋ, ಕುಡಿಯುವ ನೀರಿನ ನಳ್ಳಿ ಸರಿಯಾಗಿದೆಯೋ ಎಂದು ಮಕ್ಕಳು ಹೆಸರಿಲ್ಲದೆ ದಾಖಲಿಸಲಿ. ಊರಿನ ಮಟ್ಟದ ಆ ಲೆಕ್ಕ ಗ್ರಾಮಸಭೆಯ ಮುಂದೆ ಬರಲಿ. ಆಗ ತಪ್ಪಿತಸ್ಥನಂತೆ ತಲೆ ತಗ್ಗಿಸಿ ನಿಂತ ಮಗು ಪ್ರಶ್ನೆ ಕೇಳುವ ನಾಗರಿಕನಾಗುತ್ತದೆ. ಆ್ಯಪೂ ಕಾವಲುಗಾರನ ಕೆಲಸ ಬಿಟ್ಟು ಸಂಗಾತಿಯಾಗುತ್ತದೆ.

ಆದರೆ ಇಷ್ಟೆಲ್ಲ ಗುಣಗಳುಳ್ಳ ಆ್ಯಪ್ ಬಂದರೂ ಅದು ಕಾನೂನಿನ ಬದಲಿಯಾಗಲಾರದು. ಚಿಲಿ ದೇಶ ೨೦೧೬ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಪ್ಯಾಕೆಟುಗಳ ಮುಖದ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆ ಒತ್ತಿಸಿತು. ಮಕ್ಕಳಿಗೆ ಗುರಿಯಿಟ್ಟ ಜಾಹೀರಾತಿಗೆ ಕಡಿವಾಣ ಹಾಕಿತು, ಶಾಲೆಯಲ್ಲಿ ಮಾರಾಟ ನಿಲ್ಲಿಸಿತು. ಕಾನೂನು ಬಂದ ಮೇಲೆ ಅಲ್ಲಿ ಸಿಹಿ ಪಾನೀಯಗಳ ಖರೀದಿ ಸುಮಾರು ಕಾಲುಭಾಗ ಇಳಿಯಿತು. ಬ್ರಿಟನ್ ೨೦೨೬ರ ಜನವರಿಯಿಂದ ಇಂಥ ತಿನಿಸುಗಳ ಹಣ ಕೊಟ್ಟ ಜಾಹೀರಾತನ್ನು ಇಂಟರ್ನೆಟ್ಟಿನಲ್ಲಿ ಹಗಲಿರುಳೂ ನಿಷೇಧಿಸಿದೆ. ನಮ್ಮಲ್ಲಿ? ೨೦೨೨ರಲ್ಲಿ ಎಚ್ಚರಿಕೆಯ ಮುದ್ರೆಯ ಬದಲು ನಕ್ಷತ್ರದ ಗುರುತು ಹಾಕುವ ಕರಡೊಂದು ಹೊರಬಂತು. ಸಿನೆಮಾಕ್ಕೆ ಕೊಟ್ಟ ಹಾಗೆ ಕುರುಕಲಿಗೂ ನಕ್ಷತ್ರ! ೨೦೨೫ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ಮೂರು ತಿಂಗಳಲ್ಲಿ ಇತ್ಯರ್ಥ ಮಾಡಿ ಎಂದಿತು. ಅನಂತರವೂ ವಾಯಿದೆ ಮುಂದೆ ಹೋಯಿತು. ಆ್ಯಪ್ ಬಿಡುಗಡೆಗೆ ಮುಹೂರ್ತ ತಡವಾಗುವುದಿಲ್ಲ, ಕಂಪೆನಿಗೆ ಮೂಗುದಾರ ಹಾಕಲು ಮಾತ್ರ ಮುಹೂರ್ತ ಕೂಡಿಬರುವುದಿಲ್ಲ.

ನಮ್ಮ ರಾಜ್ಯ ಸರಕಾರ ೨೦೦೬-೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲು ಕೊಡುವ ಯೋಜನೆ ಆರಂಭಿಸಿತ್ತು. ಅದು ಮಕ್ಕಳ ಕಾಲಿಗೆ ಕೊಟ್ಟ ಬಲ, ವಿಶೇಷವಾಗಿ ಹೆಣ್ಣುಮಕ್ಕಳಿಗೆ ಕೊಟ್ಟ ಸ್ವಾತಂತ್ರ್ಯ. ಕೊರೊನಾ ಬಂದ ೨೦೨೦ರಲ್ಲಿ ಆ ಸೈಕಲು ನಿಂತಿತು. ಹೆಜ್ಜೆ ಎಣಿಸುವ ನೂರು ಆ್ಯಪಿಗಿಂತ ಒಂದು ಸೈಕಲು, ಅದನ್ನು ತುಳಿಯಲು ಭಯವಿಲ್ಲದ ಒಂದು ದಾರಿ ಹೆಚ್ಚಿನ ಕೆಲಸ ಮಾಡುತ್ತದೆ. ೫ರಿಂದ ೧೭ ವರ್ಷದ ಮಕ್ಕಳಿಗೆ ದಿನಕ್ಕೆ ೬೦ ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ದೊಡ್ಡ ದೊಡ್ಡ ಕ್ರೀಡಾಕೂಟಗಳು ನಡೆಯುತ್ತವೆ, ಅದು ನಮಗೂ ಹೆಮ್ಮೆ. ಆದರೆ ಪದಕ ಗೆಲ್ಲದ, ಗೆಲ್ಲಬೇಕಾಗಿಯೂ ಇಲ್ಲದ ಸಾಮಾನ್ಯ ಮಗುವಿಗೆ ಸುತ್ತಣ ಹಳ್ಳಿಯಲ್ಲೇ ಒಂದು ಬಯಲು ಬೇಕು.

ವ್ಯಾಪಾರಿ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಈ ಹೋರಾಟ ನಿಮ್ಮ ವಿರುದ್ಧವಲ್ಲ. ನಿಮ್ಮ ಅಂಗಡಿಯ ಮುಂದೆ ತೂಗುವ ಮಾಲೆಗಳಿಂದ ನಿಮಗೆ ಉಳಿಯುವುದು ಚಿಲ್ಲರೆ, ಕಂಪೆನಿಗೆ ಸೇರುವುದು ಕಂತೆ. ಕಂಪೆನಿ ಕೊಟ್ಟ ತಂಪು ಪೆಟ್ಟಿಗೆಯಲ್ಲಿ ಕಂಪೆನಿಯ ಬಾಟ್ಲಿಯನ್ನಷ್ಟೇ ಇಡಬೇಕೆಂದರೆ ಅಂಗಡಿ ನಿಮ್ಮದೋ ಅವರದೋ? ಬಾಳೆಹಣ್ಣು, ಬೇಯಿಸಿದ ಕಡಲೆ, ನೆಲಗಡಲೆ, ಮಜ್ಜಿಗೆ, ಎಳನೀರು ಮಾರುವ ಅಂಗಡಿಗೆ ಪಂಚಾಯತು ಪರವಾನಗಿ ಶುಲ್ಕದಲ್ಲಿ ರಿಯಾಯಿತಿ ಕೊಡಲಿ, ತಂಪು ಪೆಟ್ಟಿಗೆಗೆ ಸಹಕಾರಿ ಸಂಘ ಸಾಲ ಕೊಡಲಿ ಎಂದು ನೀವೂ ನಾವೂ ಕೂಡಿ ಕೇಳೋಣ. ೫೦ ಮೀಟರ್ ನಿಯಮವನ್ನು ನಾವು ಪಾಲಿಸುತ್ತೇವೆ, ಜಾಹೀರಾತಿನ ನಿಯಮವನ್ನು ಕಂಪೆನಿ ಪಾಲಿಸಲಿ ಎಂದು ಹೇಳುವ ನೈತಿಕ ಬಲ ಆಗ ನಿಮಗೆ ಬರುತ್ತದೆ.

ಕಾರ್ಮಿಕ ಬಂಧುಗಳಲ್ಲಿಯೂ ಒಂದು ಮಾತು. ಮಗುವಿನ ಮೈ ನೋಡಿ ಡುಮ್ಮ, ಗುಂಡಿ ಎಂದು ಮನೆಯಲ್ಲೇ ಹಂಗಿಸುವುದನ್ನು ಮೊದಲು ಬಿಡೋಣ. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ತಪ್ಪದೆ ಹೋಗೋಣ. ಶಾಲೆಗೆ ಯಾವುದೇ ಆ್ಯಪ್ ಬಂದರೆ ಮೂರು ಪ್ರಶ್ನೆ ಕೇಳೋಣ: ಇದರ ಒಡೆಯರಾರು? ನಮ್ಮ ಮಗುವಿನ ವಿವರ ಎಲ್ಲಿಗೆ ಹೋಗುತ್ತದೆ? ಇದಕ್ಕೆ ಹಣ ಹಾಕಿದವರು ಯಾರು? ಈ ಮೂರಕ್ಕೂ ಕನ್ನಡದಲ್ಲಿ ನೇರ ಉತ್ತರ ಬಾರದಿದ್ದರೆ ಗುಂಡಿ ಒತ್ತುವುದು ಬೇಡ. ಯೂನಿಯನ್ನಿನ ಬೇಡಿಕೆಗಳ ಪಟ್ಟಿಯಲ್ಲಿ ಕೂಲಿ, ಬೋನಸ್ಸುಗಳ ಜತೆಗೆ ಮಕ್ಕಳ ಹೊತ್ತಿಗೆ ಮನೆ ಸೇರುವ ಹಕ್ಕೂ ಸೇರಲಿ. ತಾಯಿ ಹೊತ್ತಿಗೆ ಸರಿಯಾಗಿ ಮನೆಗೆ ಬಂದು ಮಗುವಿಗೆ ಒಂದು ಬಟ್ಟಲು ಬಿಸಿ ಗಂಜಿ ಬಡಿಸುವಷ್ಟು ಬಿಡುವು, ಅದಕ್ಕೆ ಪಲ್ಯವೋ ಮೀನೋ ಸೇರಿಸುವಷ್ಟು ಕೂಲಿ, ಇವೆರಡನ್ನು ಕೊಡುವ ಆ್ಯಪನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಅದನ್ನು ಸಂಘಟಿತ ಜನರೇ ಪಡೆಯಬೇಕು.

ಆ್ಯಪ್ ಬರಲಿ, ಸಾರ್ವಜನಿಕರ ಸೇವಕನಾಗಿ ಬರಲಿ. ಅದರ ಜತೆಗೆ ಪ್ಯಾಕೆಟಿನ ಮುಖದ ಮೇಲೆ ಎಚ್ಚರಿಕೆಯ ಮುದ್ರೆ ಬರಲಿ, ಜಾಹೀರಾತಿಗ��� ಕಡಿವಾಣ ಬರಲಿ, ಪ್ರತಿ ಶಾಲೆಗೂ ಬಯಲು, ವ್ಯಾಯಾಮ ಶಿಕ್ಷಕರು ಮತ್ತು ಸೈಕಲು ಬರಲಿ. ಇವನ್ನೆಲ್ಲ ಬದಿಗಿಟ್ಟು ಆ್ಯಪ್ ಒಂದನ್ನೇ ಕೊಡುತ್ತೇವೆಂದು ಬರುವವರಿಗೆ ನಮ್ಮ ಉತ್ತರ ಒಂದೇ: ಮಗುವಿನ ತುತ್ತನ್ನು ಎಣಿಸುವ ಮುನ್ನ ಆ ತುತ್ತಿನಿಂದ ಲಾಭ ಎಣಿಸುವವರ ಲೆಕ್ಕ ತನ್ನಿ.